ಗಂಡು ಫ್ಲವರ್‌ಹಾರ್ನ್ ಮೀನು ಹೆಣ್ಣನ್ನು ಕಚ್ಚಿ ಕೊಲ್ಲುವುದೇಕೆ? ಮನೆಯ ಟ್ಯಾಂಕಿನಲ್ಲಿ ಮರಿ ಮಾಡಿಸುವ ಮೊದಲು ತಿಳಿಯಬೇಕಾದದ್ದು

ಓದುಗರ ಪ್ರಶ್ನೆ: ನನ್ನ ಬಳಿ ಎರಡು ವರ್ಷದ ಗಂಡು ಫ್ಲವರ್‌ಹಾರ್ನ್ ಇದೆ. ಸುಮಾರು 8 ಇಂಚು ಉದ್ದವಿದೆ. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿ ಮೊದಲಿನಿಂದಲೂ ಒಂಟಿಯಾಗಿಯೇ ಬೆಳೆದಿದೆ. ಮರಿ ಮಾಡಿಸಬೇಕೆಂದು ಕಳೆದ ವರ್ಷ ತಂದಿದ್ದ ಹೆಣ್ಣು ಒಂದೇ ರಾತ್ರಿಯಲ್ಲಿ ಸತ್ತಿತು. ಈ ಸಲ 5 ಇಂಚಿನ ಇನ್ನೊಂದು ಹೆಣ್ಣನ್ನು ತಂದು, ಎರಡು ದಿನ ಮಧ್ಯೆ ತಡೆ ಹಾಕಿಟ್ಟು, ಆಮೇಲೆ ತಡೆ ತೆಗೆದೆ. ಅರ್ಧ ಗಂಟೆಯೊಳಗೆ ಅದರ ಬಾಲ ಹರಿದು, ಒಂದು ಪಕ್ಕದ ಹುರುಪೆಗಳು ಉದುರಿದವು. ಅದನ್ನು ಬೇರೆ ಸಣ್ಣ ಟ್ಯಾಂಕಿಗೆ ಹಾಕಿದ್ದೇನೆ. ಅಲ್ಲಿ ಅದು ಒಂಟಿಯಾಗಿಯೇ ಮೊಟ್ಟೆ ಇಟ್ಟಿತು, ಎಲ್ಲ ಮೊಟ್ಟೆಗಳೂ ಬೆಳ್ಳಗಾದವು. "ಒಟ್ಟಿಗೇ ಬಿಟ್ಟುಬಿಡಿ, ಎರಡು ದಿನ ಕಚ್ಚಾಡಿ ಹೊಂದಿಕೊಳ್ಳುತ್ತವೆ" ಎಂದು ಅಂಗಡಿಯವರು ಹೇಳುತ್ತಾರೆ. "ಒಮ್ಮೆ ಕೊಂದ ಗಂಡು ಮತ್ತೆ ಕೊಲ್ಲದೆ ಬಿಡುವುದಿಲ್ಲ" ಎಂದು ಗೆಳೆಯರು ಹೇಳುತ್ತಾರೆ. ಮತ್ತೆ ಪ್ರಯತ್ನಿಸಬಹುದೇ? ಎಷ್ಟು ದಿನ ಕಾಯಬೇಕು? ಮರಿಗಳಾದರೆ ಮಾರಿ ಖರ್ಚು ಹುಟ್ಟಿಸಿಕೊಳ್ಳಬಹುದೇ?
— ದಾವಣಗೆರೆಯ ಓದುಗರು

ತಜ್ಞರ ಉತ್ತರ:

ನಿಮ್ಮ ಮುಖ್ಯ ಆತಂಕ ಗಂಡಿನ ಸ್ವಭಾವದ ಬಗ್ಗೆ ಎಂಬುದು ಪತ್ರದಿಂದ ತಿಳಿಯುತ್ತದೆ. ಆದರೆ ಈಗ ಕಷ್ಟದಲ್ಲಿರುವುದು ಹೆಣ್ಣು, ಆದ್ದರಿಂದ ಅದರ ವಿಷಯವನ್ನು ಮೊದಲು ಹೇಳುತ್ತೇನೆ. ಹುರುಪೆ ಉದುರಿದ ಮೀನಿಗೆ ಗಾಯಕ್ಕಿಂತಲೂ ಕೊಳೆತ ನೀರೇ ಹೆಚ್ಚು ಅಪಾಯಕಾರಿ. ಅವಸರದಲ್ಲಿ ಹೊಂದಿಸಿದ ಸಣ್ಣ ಟ್ಯಾಂಕಿನ ಫಿಲ್ಟರ್‌ನಲ್ಲಿ ಮೀನಿನ ಮಲದಿಂದ ನೀರಿಗೆ ಸೇರುವ ವಿಷಕಾರಿ ಅಮೋನಿಯಾವನ್ನು ನಿಭಾಯಿಸುವ ಬ್ಯಾಕ್ಟೀರಿಯಾ ಇನ್ನೂ ಬೆಳೆದಿರುವುದಿಲ್ಲ. ದೊಡ್ಡ ಟ್ಯಾಂಕಿನ ಫಿಲ್ಟರ್‌ನಿಂದ ಒಂದು ತುಂಡು ಸ್ಪಂಜನ್ನು ತೊಳೆಯದೆ ತಂದು ಇದಕ್ಕೆ ಹಾಕಿ. ದಿನಕ್ಕೊಮ್ಮೆ ಕಾಲು ಭಾಗದಿಂದ ಮೂರನೆಯ ಒಂದು ಭಾಗದಷ್ಟು ನೀರನ್ನು ಬದಲಾಯಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿದ ಮೇಲೆಯೇ ಬಳಸಿ. ಲೀಟರಿಗೆ 1ರಿಂದ 2 ಗ್ರಾಂನಷ್ಟು ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಕರಗಿಸಿ ಸೇರಿಸಬಹುದು. ಬದಲಾಯಿಸಿದ ನೀರಿಗೆ ತಕ್ಕಷ್ಟು ಉಪ್ಪನ್ನು ಮಾತ್ರ ಮತ್ತೆ ಹಾಕಿ, ಇಲ್ಲದಿದ್ದರೆ ಪ್ರಮಾಣ ಏರುತ್ತಾ ಹೋಗುತ್ತದೆ. ಗಾಯ ಬೇಗ ಮಾಯುತ್ತದೆಂದು ಹೀಟರ್ ಅನ್ನು 32 ಡಿಗ್ರಿಗೆ ಏರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಯದ ಮೇಲೆ ಹತ್ತಿಯಂತೆ ಬಿಳಿ ಪೊರೆ ಕಟ್ಟುವ ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಬೆಚ್ಚಗಿನ ನೀರಿನಲ್ಲಿ ಇನ್ನೂ ವೇಗವಾಗಿ ಹರಡುತ್ತದೆ. 27 ಡಿಗ್ರಿ ಸಾಕು. ಅಂಥ ಪೊರೆ ಕಾಣಿಸಿಕೊಂಡರೆ ಅಂಗಡಿಯ ಆ್ಯಂಟಿಬಯೋಟಿಕ್ ಪುಡಿಯನ್ನು ಅಂದಾಜಿನಲ್ಲಿ ಸುರಿಯದೆ, ಮೀನಿನ ರೋಗಗಳನ್ನು ಬಲ್ಲ ಪಶುವೈದ್ಯರಿಗಾಗಲೀ ಮೀನುಗಾರಿಕೆ ತಜ್ಞರಿಗಾಗಲೀ ತೋರಿಸಿ.

ಈಗ ಗಂಡಿನ ಮಾತು. ಒಮ್ಮೆ ಕೊಂದ ಗಂಡು ಕೊಲ್ಲುತ್ತಲೇ ಇರುತ್ತದೆ ಎಂಬ ನಂಬಿಕೆಗೂ, ಎರಡು ದಿನ ಕಚ್ಚಾಡಿ ಹೊಂದಿಕೊಳ್ಳುತ್ತವೆ ಎಂಬ ನಂಬಿಕೆಗೂ ಮೂಲದಲ್ಲಿ ಒಂದೇ ದೋಷವಿದೆ. ಜಗಳವನ್ನು ಎರಡೂ ಮೀನಿನ ಗುಣವಾಗಿ ನೋಡುತ್ತವೆ, ಜಾಗದ ಸಮಸ್ಯೆಯಾಗಿ ನೋಡುವುದಿಲ್ಲ. ಫ್ಲವರ್‌ಹಾರ್ನ್ ಪ್ರಕೃತಿಯಲ್ಲಿ ಇರುವ ಮೀನಲ್ಲ. 1990ರ ದಶಕದಲ್ಲಿ ಮಲೇಷ್ಯಾ ಮತ್ತು ತೈವಾನ್‌ನ ಸಾಕಣೆದಾರರು ಟ್ರೈಮ್ಯಾಕ್, ರೆಡ್ ಡೆವಿಲ್, ಮೈಡಾಸ್ ಮೊದಲಾದ ಮಧ್ಯ ಅಮೆರಿಕದ ಸಿಕ್ಲಿಡ್ ಕುಟುಂಬದ ಮೀನುಗಳನ್ನು ಬೆರಕೆ ಮಾಡಿ ಇದನ್ನು ರೂಪಿಸಿದರು. ಆದ್ದರಿಂದ ಇದರ ವರ್ತನೆಯನ್ನು ಅರಿಯಲು ನಿಕರಾಗುವಾದ ಸರೋವರಗಳಲ್ಲಿ ಮೈಡಾಸ್ ಹೇಗೆ ಬದುಕುತ್ತದೆ ಎಂಬುದನ್ನು ನೋಡಬೇಕು. ಅಮೆರಿಕದ ಜೀವವಿಜ್ಞಾನಿ ಜಾರ್ಜ್ ಬಾರ್ಲೋ ಅವರು ಈ ಮೀನನ್ನು ದೀರ್ಘಕಾಲ ಅಧ್ಯಯನ ಮಾಡಿದವರು. ಅಲ್ಲಿ ಮರಿ ಮಾಡುವ ಕಾಲ ಬಂದಾಗ ಗಂಡುಹೆಣ್ಣುಗಳು ಜೋಡಿಯಾಗಿ, ಬಂಡೆಗಳ ನಡುವಿನ ಒಂದು ಸಂದನ್ನು ಹಿಡಿದು, ಸುತ್ತಲಿನ ಜಾಗವನ್ನು ಇಬ್ಬರೂ ಸೇರಿ ಕಾಯುತ್ತವೆ. ಮೊಟ್ಟೆ ಇಡಲು ಸಿದ್ಧವಿಲ್ಲದ ಹೆಣ್ಣು ಒಂದು ಗಂಡಿನ ಸರಹದ್ದಿನೊಳಗೆ ಬಂದರೆ ಗಂಡು ಅದನ್ನು ಅಟ್ಟುತ್ತದೆ, ಹೆಣ್ಣು ಕೆಲವು ಮೀಟರ್ ದೂರ ಹೋಗುತ್ತದೆ, ಅಲ್ಲಿಗೆ ಗಂಡಿನ ಕೋಪವೂ ನಿಲ್ಲುತ್ತದೆ. ದಾಳಿಯ ಉದ್ದೇಶ ಓಡಿಸುವುದು. ಎದುರಾಳಿ ಕಣ್ಣಿನಿಂದ ಮರೆಯಾಗುವುದೇ ದಾಳಿ ನಿಲ್ಲಲು ಬೇಕಾದ ಸೂಚನೆ.

ನಿಮ್ಮ ಟ್ಯಾಂಕಿನಲ್ಲಿ ಆ ಸೂಚನೆ ಎಂದಿಗೂ ಸಿಗಲಾರದು. ಮೂರು ಅಡಿ ಉದ್ದದ ಗಾಜಿನೊಳಗೆ ಹೆಣ್ಣು ಎಷ್ಟೇ ಓಡಿದರೂ ಗಂಡಿನ ಕಣ್ಣ ಮುಂದೆಯೇ ಇರುತ್ತದೆ, ಸೋತೆನೆಂದು ತೋರಿಸಿದರೂ ಸರಹದ್ದು ಬಿಟ್ಟು ಹೋಗಲು ಅದಕ್ಕೆ ದಾರಿಯಿಲ್ಲ. ಹೀಗಾಗಿ ಪ್ರಕೃತಿಯಲ್ಲಿ ಕೆಲವೇ ಕ್ಷಣಗಳಲ್ಲಿ ಮುಗಿಯಬೇಕಾದ ಅಟ್ಟಾಟ ಇಲ್ಲಿ ರಾತ್ರಿಯಿಡೀ ನಡೆಯುತ್ತದೆ. ನಿಮ್ಮ ಗಂಡು ಎರಡು ವರ್ಷ ಒಂಟಿಯಾಗಿ ಬೆಳೆದಿರುವುದರಿಂದ ಅದಕ್ಕೆ ಇಡೀ ಟ್ಯಾಂಕೇ ಸ್ವಂತ ನೆಲ. ನೀರಿಗಿಳಿದ ನಿಮ್ಮ ಕೈಯನ್ನೇ ಅದು ಕಚ್ಚಲು ಬರುತ್ತಿದ್ದರೆ ನನಗೆ ಆಶ್ಚರ್ಯವಿಲ್ಲ. ಕಳೆದ ವರ್ಷದ ಹೆಣ್ಣು ಸತ್ತದ್ದು ಗಂಡಿಗೆ ಕೊಲ್ಲುವ ಚಟವಿದ್ದುದರಿಂದಲ್ಲ. ಆದರೆ ಅದೇ ಟ್ಯಾಂಕಿನಲ್ಲಿ, ಅದೇ ರೀತಿಯಲ್ಲಿ ಬಿಟ್ಟರೆ ಮೂರನೆಯ ಹೆಣ್ಣೂ ಸಾಯುತ್ತದೆ, ಅದರಲ್ಲಿ ನನಗೆ ಸಂದೇಹವಿಲ್ಲ.

ಅಂಗಡಿಯವರ ಸಲಹೆ ಪೂರ್ತಿ ಕಲ್ಪನೆಯಿಂದ ಬಂದದ್ದಲ್ಲ. ಆಫ್ರಿಕಾದ ಮಲಾವಿ ಸರೋವರದ ಬಂಡೆವಾಸಿ ಸಿಕ್ಲಿಡ್‌ಗಳನ್ನು ಒಂದೇ ಟ್ಯಾಂಕಿನಲ್ಲಿ ತುಸು ಕಿಕ್ಕಿರಿದಂತೆ ಸಾಕಿದಾಗ ದಾಳಿ ಹತ್ತಾರು ಮೀನುಗಳ ನಡುವೆ ಹಂಚಿಹೋಗಿ, ಯಾವ ಒಂದು ಮೀನಿಗೂ ಮಾರಕವಾಗದೆ ಉಳಿಯುತ್ತದೆ. ಅಲ್ಲಿ ಹೆಣ್ಣು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಒಂಟಿಯಾಗಿ ಕಾಪಾಡುತ್ತದೆ, ಗಂಡಿನೊಡನೆ ಸಂಸಾರವಿಲ್ಲ. ಆ ಅನುಭವವನ್ನು ಮಧ್ಯ ಅಮೆರಿಕದ ಜೋಡಿ ಕಟ್ಟುವ ಮೀನುಗಳಿಗೆ ಅನ್ವಯಿಸಿದರೆ ಹೆಣ್ಣು ಬದುಕುವುದಿಲ್ಲ. ಗಂಡಿನ ಗಮನ ಬೇರೆಡೆ ಹೋಗಲೆಂದು ಸಣ್ಣ ಮೀನುಗಳನ್ನು ಬಿಡುವುದೂ ನಿಮ್ಮ ಅಳತೆಯ ಟ್ಯಾಂಕಿನಲ್ಲಿ ಅವುಗಳನ್ನು ಬಲಿಗೆ ಒಪ್ಪಿಸಿದಂತೆಯೇ.

ಇನ್ನೊಂದು ನಂಬಿಕೆ ಗಂಡಿನ ಹಣೆಯ ಮೇಲೆ ಗೋಳದಂತೆ ಮೂಡುವ ಉಬ್ಬಿನದು. ನಮ್ಮಲ್ಲಿ ಅನೇಕ ಮನೆಗಳು ಫ್ಲವರ್‌ಹಾರ್ನ್ ತರುವುದು ಅದೃಷ್ಟದ ನಂಬಿಕೆಯಿಂದ. ಆ ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಉಬ್ಬು ದೊಡ್ಡದಿದ್ದಷ್ಟೂ ಗಂಡು ಸಂತಾನಕ್ಕೆ ಯೋಗ್ಯವೆಂದು ತಿಳಿಯುವುದು ಮಾತ್ರ ತಪ್ಪು. ಪ್ರಕೃತಿಯಲ್ಲಿ ಬದುಕುವ ಮೈಡಾಸ್ ಗಂಡುಗಳಲ್ಲಿ ಈ ಉಬ್ಬು ಮರಿ ಮಾಡುವ ಕಾಲಕ್ಕೆ ಮೂಡಿ ಆಮೇಲೆ ಇಳಿಯುತ್ತದೆ. ಫ್ಲವರ್‌ಹಾರ್ನ್‌ನಲ್ಲಿ ಅದು ಸದಾ ಉಳಿಯುವಂತೆ ಮನುಷ್ಯರು ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತಾ ಬಂದಿದ್ದಾರೆ. ಹೀಗೆ ಬೆರಕೆಯಿಂದ ಹುಟ್ಟಿ, ಹತ್ತಿರದ ಸಂಬಂಧದಲ್ಲೇ ಆರಿಸಿ ಬೆಳೆಸಿದ ತಳಿಗಳ ಗಂಡುಗಳಲ್ಲಿ ಸಂತಾನಶಕ್ತಿ ಇಲ್ಲದವು ಬಹಳ. ವೃತ್ತಿಯಲ್ಲಿ ನಾನು ನೋಡಿರುವಂತೆ ಅತಿ ದೊಡ್ಡ ತಲೆಯ, ದುಬಾರಿ ಬೆಲೆಯ ಗಂಡುಗಳೇ ಈ ವಿಷಯದಲ್ಲಿ ಹೆಚ್ಚಾಗಿ ನಿರಾಸೆಗೊಳಿಸುತ್ತವೆ. ಉಬ್ಬು ಹೆಚ್ಚಲೆಂದು ಗಾಜಿಗೆ ಕನ್ನಡಿ ಇಡುವ ಅಭ್ಯಾಸ ನಿಮ್ಮಲ್ಲಿದ್ದರೆ ಅದನ್ನು ಇಂದೇ ನಿಲ್ಲಿಸಿ. ಓಡಿಸಲಾಗದ ಎದುರಾಳಿಯನ್ನು ದಿನವೂ ಎದುರಿಸುವ ಮೀನು ಮತ್ತೊಂದು ಮೀನನ್ನು ಸಹಿಸಲು ಕಲಿಯುವುದಿಲ್ಲ.

ನಿಮ್ಮ ಹೆಣ್ಣು ಒಂಟಿಯಾಗಿ ಮೊಟ್ಟೆ ಇಟ್ಟದ್ದು ಕೆಟ್ಟ ಸುದ್ದಿಯಲ್ಲ. ಗಂಡಿಲ್ಲದೆಯೂ ಪ್ರಾಯಕ್ಕೆ ಬಂದ ಹೆಣ್ಣು ಮೊಟ್ಟೆ ಇಡುತ್ತದೆ, ಫಲಿಸದ ಮೊಟ್ಟೆಗಳು ಒಂದೆರಡು ದಿನಗಳಲ್ಲಿ ಬೆಳ್ಳಗಾಗುತ್ತವೆ. ಅದು ಖಂಡಿತವಾಗಿ ಹೆಣ್ಣೇ ಎಂಬುದೂ, ಪ್ರಾಯಕ್ಕೆ ಬಂದಿದೆ ಎಂಬುದೂ ಇದರಿಂದ ಖಾತ್ರಿಯಾಯಿತು. ಮೊಟ್ಟೆ ಇಟ್ಟ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ಆರೋಗ್ಯವಾಗಿದ್ದು ಚೆನ್ನಾಗಿ ತಿನ್ನುವ ಹೆಣ್ಣು ಸಾಮಾನ್ಯವಾಗಿ ಮೂರರಿಂದ ಐದು ವಾರಗಳಲ್ಲಿ ಮತ್ತೆ ಸಿದ್ಧವಾಗುತ್ತದೆ, ಗಾಯಗೊಂಡದ್ದಕ್ಕೆ ಇನ್ನೂ ಹೆಚ್ಚು ಸಮಯ ಬೇಕು. ಎಷ್ಟು ದಿನ ಕಾಯಬೇಕೆಂದು ಕೇಳಿದ್ದೀರಿ. ಹರಿದ ಬಾಲ ಅಂಚಿನವರೆಗೆ ಬೆಳೆದಿರಬೇಕು, ಹುರುಪೆ ಉದುರಿದ ಜಾಗ ಮುಚ್ಚಿರಬೇಕು, ನೀವು ಟ್ಯಾಂಕಿನ ಬಳಿ ಬಂದಾಗ ಅದು ಮೂಲೆಗೆ ಓಡದೆ ಆಹಾರಕ್ಕಾಗಿ ಮುಂದೆ ಬರಬೇಕು. ಇವು ಕಾಣುವವರೆಗೆ ಕಾಯಿರಿ. ಅಷ್ಟರಲ್ಲಿ ಅದು ಇನ್ನೊಂದಿಷ್ಟು ಬೆಳೆದರೆ ಒಳ್ಳೆಯದು. 8 ಇಂಚಿನ ಗಂಡಿಗೆ 5 ಇಂಚಿನ ಹೆಣ್ಣು ತೀರಾ ಚಿಕ್ಕದು, 6 ಇಂಚಾದರೂ ಇರಬೇಕು.

ಇನ್ನು ನಿಮ್ಮ ಮುಂದಿರುವ ದಾರಿಗಳು. ನಾನು ಶಿಫಾರಸು ಮಾಡುವುದು ಎರಡರ ನಡುವೆ ಜಾಲರಿಯ ತಡೆಯನ್ನು ಕೊನೆಯವರೆಗೂ ಉಳಿಸುವ ದಾರಿಯನ್ನು, ಏಕೆಂದರೆ ಗಂಡುಹೆಣ್ಣುಗಳು ಒಂದು ಕ್ಷಣವೂ ಒಂದೇ ಕಡೆ ಸೇರದೆ ಮರಿ ಮಾಡಬಹುದಾದ ವಿಧಾನ ಅದೊಂದೇ. ನೀವು ಎರಡು ದಿನ ತಡೆ ಹಾಕಿದ್ದು ಸರಿಯಾದ ಹೆಜ್ಜೆಯೇ ಆಗಿತ್ತು, ಆದರೆ ಅವಧಿ ಸಾಲಲಿಲ್ಲ, ತಡೆಯನ್ನು ತೆಗೆಯುವ ಅಗತ್ಯವೂ ಇರಲಿಲ್ಲ. ಫಾಲ್ಸ್ ಸೀಲಿಂಗ್‌ನ ದೀಪಗಳ ಕೆಳಗೆ ಹಾಕುವ, ಚೌಕ ಚೌಕ ಕಿಂಡಿಗಳ ಗಟ್ಟಿ ಪ್ಲಾಸ್ಟಿಕ್ ಜಾಲರಿ ಸಿಗುತ್ತದೆ. ಅದನ್ನು ಟ್ಯಾಂಕಿನ ಅಡ್ಡಳತೆಗೆ ಸರಿಯಾಗಿ ಕತ್ತರಿಸಿ, ನೆಲದಿಂದ ಮೇಲಿನ ಮುಚ್ಚಳದವರೆಗೆ ನಿಲ್ಲಿಸಿ. ದೊಡ್ಡ ಗಂಡು ಜಾಲರಿಯನ್ನು ಹಣೆಯಿಂದ ಗುದ್ದಿ ಸರಿಸಬಲ್ಲದು, ಮೇಲಿನಿಂದ ಹಾರಲೂ ಬಲ್ಲದು. ಆದ್ದರಿಂದ ಎರಡೂ ಬದಿಯ ಗಾಜಿಗೆ ಸಿಲಿಕೋನ್‌ನಿಂದ ಪಟ್ಟಿ ಅಂಟಿಸಿ, ಅದರ ನಡುವೆ ಜಾಲರಿಯನ್ನು ಕೂರಿಸುವುದೇ ಸುರಕ್ಷಿತ. ಅಂಟು ಒಣಗುವವರೆಗೆ ಟ್ಯಾಂಕ್ ಖಾಲಿಯಿರಬೇಕಾಗುವುದರಿಂದ ಗಂಡಿಗೆ ತಾತ್ಕಾಲಿಕ ಜಾಗವನ್ನೂ, ಫಿಲ್ಟರ್ ಒಣಗದಂತೆ ಅದೇ ನೀರಿನಲ್ಲಿ ನಡೆಸುವ ವ್ಯವಸ್ಥೆಯನ್ನೂ ಮೊದಲೇ ಮಾಡಿಕೊಳ್ಳಿ. ಗಂಡನ್ನು ಮರಳಿ ಬಿಡುವ ಮೊದಲು ಕಲ್ಲುಗಳ ಜಾಗ ಬದಲಿಸಿ, ಹೆಣ್ಣನ್ನು ಅದರ ಭಾಗಕ್ಕೆ ಒಂದೆರಡು ದಿನ ಮುಂಚೆಯೇ ಬಿಟ್ಟಿರಿ. ಹೊಸದಾಗಿ ಕಾಣುವ ಜಾಗದಲ್ಲಿ ಗಂಡಿನ ಒಡೆತನದ ಹಟ ಸ್ವಲ್ಪವಾದರೂ ತಗ್ಗಿರುತ್ತದೆ.

ಹೆಣ್ಣಿನ ಭಾಗದಲ್ಲಿ ಎರಡೂ ತುದಿ ತೆರೆದಿರುವ ದಪ್ಪ ಪಿವಿಸಿ ಪೈಪಿನ ತುಂಡನ್ನು ಇಡಿ. ಜಾಲರಿಗೆ ಒತ್ತಿಕೊಂಡಂತೆ, ಹೆಣ್ಣಿನ ಬದಿಯಲ್ಲೇ, ಒರಟು ಮೈಯ ಒಂದು ಟೈಲ್ ಅನ್ನು ಮಲಗಿಸಿ. ಅದೇ ಮೊಟ್ಟೆ ಇಡುವ ಜಾಗ. ಬೇರೆ ಚಪ್ಪಟೆ ಕಲ್ಲು, ಕುಂಡಗಳಿದ್ದರೆ ತೆಗೆದುಬಿಡಿ, ಇಲ್ಲದಿದ್ದರೆ ಹೆಣ್ಣು ದೂರದಲ್ಲಿ ಮೊಟ್ಟೆ ಇಟ್ಟು ಶ್ರಮ ವ್ಯರ್ಥವಾಗುತ್ತದೆ. ಫಿಲ್ಟರ್‌ನ ನೀರು ಗಂಡಿನ ಕಡೆಯಿಂದ ಹೆಣ್ಣಿನ ಕಡೆಗೆ ಮೆಲ್ಲಗೆ ಹರಿಯುವಂತೆ ತಿರುಗಿಸಿ, ಗಂಡು ಜಾಲರಿಯ ಬಳಿ ಬಿಡುವ ವೀರ್ಯ ಆ ಹರಿವಿನೊಂದಿಗೆ ಮೊಟ್ಟೆಗಳನ್ನು ತಲುಪುತ್ತದೆ. ನೀರು 28 ಡಿಗ್ರಿಯ ಸುಮಾರಿನಲ್ಲಿರಲಿ. ಮಧ್ಯ ಅಮೆರಿಕದ ಈ ಮೀನುಗಳಿಗೆ ಸ್ವಲ್ಪ ಗಡಸು, ಕ್ಷಾರೀಯ ನೀರೇ ಒಗ್ಗುತ್ತದೆ, ಆದ್ದರಿಂದ ಬೋರ್‌ವೆಲ್ ನೀರಿನ ಗಡಸುತನದ ಬಗ್ಗೆ ಅತಿಯಾಗಿ ಚಿಂತಿಸಬೇಕಾಗಿಲ್ಲ.

ಆಮೇಲೆ ನೀವು ಮಾಡಬೇಕಾದದ್ದು ನೋಡುವುದು. ಜಾಲರಿಯ ಎರಡು ಬದಿಯಲ್ಲಿ ಮೀನುಗಳು ಪಕ್ಕಕ್ಕೆ ತಿರುಗಿ ರೆಕ್ಕೆಗಳನ್ನು ಪೂರ್ತಿ ಬಿಚ್ಚಿ ನಿಲ್ಲುವುದು, ಬಾಲದಿಂದ ಒಂದರತ್ತ ಇನ್ನೊಂದು ನೀರನ್ನು ತಳ್ಳುವುದು, ತಲೆಯನ್ನು ಸಣ್ಣಗೆ ನಡುಗಿಸುವುದು, ಟೈಲನ್ನು ಬಾಯಿಂದ ಕಚ್ಚಿ ಕಚ್ಚಿ ಶುಚಿಗೊಳಿಸುವುದು ಇವೆಲ್ಲ ಒಲವಿನ ಲಕ್ಷಣಗಳು. ಹೆಣ್ಣಿನ ಗುದದ್ವಾರದ ಬಳಿ ಮೊಂಡಾದ, ಅಗಲ ತುದಿಯ ನಳಿಕೆಯೊಂದು ಹೊರಚಾಚಿದರೆ ಮೊಟ್ಟೆ ಇಡುವುದು ಒಂದೆರಡು ದಿನದ ಮಾತು; ಗಂಡಿನ ನಳಿಕೆ ಸಣ್ಣದು, ಚೂಪು. ಇದಕ್ಕೆ ವಿರುದ್ಧವಾಗಿ ಹೆಣ್ಣು ರೆಕ್ಕೆಗಳನ್ನು ಮೈಗಂಟಿಸಿಕೊಂಡು ನೀರಿನ ಮೇಲ್ಭಾಗದ ಮೂಲೆಯಲ್ಲಿ, ಹೀಟರ್‌ನ ಹಿಂದೆ ಓರೆಯಾಗಿ ನಿಂತಿದ್ದರೆ, ಆಹಾರಕ್ಕೂ ಕೆಳಗಿಳಿಯದಿದ್ದರೆ, ಗಂಡಿನ ನೋಟವೊಂದೇ ಅದನ್ನು ಸಾಯಿಸುವಷ್ಟು ಒತ್ತಡ ಕೊಡುತ್ತಿದೆ ಎಂದು ಅರ್ಥ. ಕೆಲವು ದಿನ ಜಾಲರಿಯ ಮೇಲೆ ಹಾಳೆಯೊಂದನ್ನು ಹಾಕಿ ಮರೆಮಾಡಿ. ಮರೆ ತೆಗೆದ ಮೇಲೂ ಅದೇ ಸ್ಥಿತಿ ಇದ್ದರೆ ಆ ಹೆಣ್ಣನ್ನು ಹೊರಗೆ ತೆಗೆದುಬಿಡಿ, ಆ ಜೋಡಿ ಆಗುವುದಿಲ್ಲ.

ಜಾಲರಿ ತೆಗೆದು ಎರಡನ್ನೂ ಒಟ್ಟಿಗೆ ಬಿಡುವ ದಾರಿಯನ್ನು ನಿಮ್ಮ 3 ಅಡಿ ಟ್ಯಾಂಕಿನಲ್ಲಿ, ಅಂದರೆ ಸುಮಾರು 125 ಲೀಟರ್ ನೀರಿನಲ್ಲಿ, ನಾನು ಒಪ್ಪುವುದಿಲ್ಲ. ಕನಿಷ್ಠ 4 ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ, ಅಂದರೆ 250 ಲೀಟರ್ ಹಿಡಿಯುವ ಟ್ಯಾಂಕ್ ಇದ್ದರೆ, ಹೆಣ್ಣಿನ ನಳಿಕೆ ಹೊರಬಂದ ದಿನ, ನೀವು ಎದುರಿಗೇ ಕುಳಿತಿರುವಾಗ ಮಾತ್ರ ಪ್ರಯತ್ನಿಸಬಹುದು. ಆಗ ಎರಡೂ ಒಂದರ ಬಾಯಿಯನ್ನು ಇನ್ನೊಂದು ಕಚ್ಚಿ ಎಳೆದಾಡುವುದನ್ನು ಕಂಡು ಗಾಬರಿಯಾಗಬೇಡಿ. ಪರಸ್ಪರ ಬಲ ಅಳೆಯುವ ಕ್ರಮ ಅದು, ಎರಡೂ ಸಮವಾಗಿ ಎದುರು ನಿಂತಿರುವವರೆಗೆ ಅಪಾಯ ಕಡಿಮೆ. ಒಂದು ಬೆನ್ನು ತಿರುಗಿಸಿ ಓಡಿದ ಮೇಲೂ ಇನ್ನೊಂದು ಅಟ್ಟಿಸಿಕೊಂಡು ಹೋಗಿ ಹೊಟ್ಟೆಗೆ, ಬಾಲದ ಬುಡಕ್ಕೆ ಕಚ್ಚಿತೆಂದರೆ ತಕ್ಷಣ ಬೇರ್ಪಡಿಸಿ, ಇನ್ನೊಂದು ನಿಮಿಷ ನೋಡೋಣ ಎನ್ನಬೇಡಿ. ಮೊಟ್ಟೆ ಇಟ್ಟ ಮೇಲೂ ಅಪಾಯ ಮುಗಿಯುವುದಿಲ್ಲ. ಮೊಟ್ಟೆ ಕಾಯುವ ಹೆಣ್ಣೇ ಗಂಡನ್ನು ತೀವ್ರವಾಗಿ ಗಾಯಗೊಳಿಸಿದ್ದುಂಟು, ಮರಿಗಳು ಚಿಕ್ಕವಿರುವಾಗಲೇ ಮತ್ತೆ ಕೂಡಬೇಕೆಂದು ಗಂಡು ಹೆಣ್ಣನ್ನು ಹಿಂಸಿಸುವುದೂ ಸಾಮಾನ್ಯ.

ಏಳೆಂಟು ಎಳೆಯ ಮೀನುಗಳನ್ನು ಒಟ್ಟಿಗೆ ಬೆಳೆಸಿ, ಅವೇ ಜೋಡಿ ಆರಿಸಿಕೊಳ್ಳಲು ಬಿಡುವ ಇನ್ನೊಂದು ಕ್ರಮವಿದೆ. ಸಿಕ್ಲಿಡ್‌ಗಳಲ್ಲಿ ಬಾಳುವ ಜೋಡಿ ಸಿಗುವುದು ಹಾಗೆಯೇ. ಆದರೆ ಫ್ಲವರ್‌ಹಾರ್ನ್‌ಗೆ ಅದನ್ನು ಮಾಡಲು ಮನೆಗಿಂತ ಫಾರಂ ಬೇಕು. ಜೋಡಿಯ ಸಂಸಾರವನ್ನು ಕಣ್ಣಾರೆ ನೋಡುವ ಆಸೆ ನಿಮಗೆ ಮುಖ್ಯವಾಗಿದ್ದರೆ, ನಿಮ್ಮ 3 ಅಡಿ ಟ್ಯಾಂಕಿಗೆ ಕನ್ವಿಕ್ಟ್ ಸಿಕ್ಲಿಡ್ ಜೋಡಿ ಹೆಚ್ಚು ಹೊಂದುತ್ತದೆ. ಜಗಳಗಂಟಿತನದಲ್ಲಿ ಅದೂ ಕಡಿಮೆಯಲ್ಲ, ಆದರೆ ಅಳತೆಯಲ್ಲಿ ಚಿಕ್ಕದು. ಹೆಣ್ಣಿನ ಹೊಟ್ಟೆಯ ಮೇಲಿನ ಕಿತ್ತಳೆ ಬಣ್ಣದಿಂದ ಗಂಡುಹೆಣ್ಣನ್ನು ಗುರುತಿಸುವುದು ಸುಲಭ, ಅಪ್ಪ ಅಮ್ಮ ಎರಡೂ ಸೇರಿ ನೆಲವನ್ನು ಕೆದಕಿ ಮರಿಗಳಿಗೆ ತಿನ್ನಿಸುವುದನ್ನು ವಾರಗಟ್ಟಲೆ ನೋಡಬಹುದು. ನಮ್ಮ ದಕ್ಷಿಣ ಭಾರತಕ್ಕೇ ಸೇರಿದ ಆರೆಂಜ್ ಕ್ರೋಮೈಡ್ ಇನ್ನೂ ಸೌಮ್ಯವಾದದ್ದು. ಅದರ ಮರಿಗಳು ತಂದೆತಾಯಿಯ ಮೈಮೇಲಿನ ಲೋಳೆಯನ್ನೇ ಚುಚ್ಚಿ ಚುಚ್ಚಿ ತಿನ್ನುತ್ತವೆ. ಅದರ ಹತ್ತಿರದ ಸಂಬಂಧಿಯೊಂದು ದಕ್ಷಿಣ ಕನ್ನಡದ ನದಿಗಳಲ್ಲಿದೆ. ಅಳಿವಿನಂಚಿನಲ್ಲಿರುವ ಆ ಕೆನರಾ ಪರ್ಲ್‌ಸ್ಪಾಟ್ ಅನ್ನು ಮಾತ್ರ ಯಾರೇ ಹಿಡಿದು ತಂದುಕೊಟ್ಟರೂ ಕೊಳ್ಳಬೇಡಿ.

ಜಾಲರಿಯ ವಿಧಾನದಲ್ಲಿ ಮೊಟ್ಟೆ ಸಿಕ್ಕಿತೆಂದು ಇಟ್ಟುಕೊಳ್ಳೋಣ. ಫಲಿಸಿದ ಮೊಟ್ಟೆ ಪಾರದರ್ಶಕವಾಗಿ, ತಿಳಿ ಕಂದು ಬಣ್ಣದಲ್ಲಿರುತ್ತದೆ. ಎರಡನೆಯ ದಿನದ ಹೊತ್ತಿಗೆ ಒಳಗೆ ಕಪ್ಪು ಚುಕ್ಕೆಗಳು ಕಾಣತೊಡಗುತ್ತವೆ. ಮೊದಲ ಸಲ ಎಲ್ಲವೂ ಬೆಳ್ಳಗಾದರೆ ಗಂಡನ್ನು ದೂಷಿಸಬೇಡಿ, ಟೈಲ್ ದೂರವಾಗಿರಬಹುದು, ನೀರಿನ ಹರಿವು ಜೋರಾಗಿರಬಹುದು, ಗಂಡಿಗೆ ಅಭ್ಯಾಸವಿಲ್ಲದಿರಬಹುದು. ಗಂಡು ಮೊಟ್ಟೆಗಳ ಪಕ್ಕದಲ್ಲೇ ಮತ್ತೆ ಮತ್ತೆ ಸರಿದಾಡಿದ್ದನ್ನು ನೀವೇ ಕಂಡಿದ್ದೂ ಮೂರು ಸಲ ಹೀಗೆಯೇ ಆದರೆ ಅದಕ್ಕೆ ಸಂತಾನಶಕ್ತಿಯಿಲ್ಲವೆಂದು ತಿಳಿದು ಪ್ರಯತ್ನ ನಿಲ್ಲಿಸಿ. ಅದರಿಂದ ಅದರ ಆರೋಗ್ಯಕ್ಕೇನೂ ಕುಂದಿಲ್ಲ, ಇನ್ನೂ ಹಲವು ವರ್ಷ ಅದು ನಿಮ್ಮ ಮನೆಯಲ್ಲಿ ಚೆನ್ನಾಗಿ ಬದುಕಬಲ್ಲದು. ಫಲಿಸಿದ ಮೊಟ್ಟೆಗಳು ಸುಮಾರು ಮೂರು ದಿನಕ್ಕೆ ಒಡೆಯುತ್ತವೆ. ಅಲ್ಲಿಂದ ನಾಲ್ಕೈದು ದಿನ ಮರಿಗಳು ಹೊಟ್ಟೆಯ ಭಂಡಾರವನ್ನೇ ಬಳಸಿಕೊಂಡು ನೆಲದಲ್ಲಿ ಒದ್ದಾಡುತ್ತವೆ. ಈಜತೊಡಗಿದ ಮೇಲೆ ಆರ್ಟೀಮಿಯಾ ಎಂಬ ಸಣ್ಣ ಸೀಗಡಿಯಂಥ ಜೀವಿಯ, ಆಗಷ್ಟೇ ಮೊಟ್ಟೆಯೊಡೆದ ಮರಿಗಳನ್ನು ದಿನಕ್ಕೆ ಮೂರು ನಾಲ್ಕು ಸಲ ಕೊಡಬೇಕು. ಹೆಣ್ಣು ಮೊಟ್ಟೆ ತಿನ್ನುವ ಸ್ವಭಾವದ್ದಾದರೆ ಟೈಲನ್ನೇ ಎತ್ತಿ, ಅದೇ ನೀರು ತುಂಬಿದ ಸಣ್ಣ ಟ್ಯಾಂಕಿಗೆ ಸಾಗಿಸಿ, ಬೂಷ್ಟು ಹಿಡಿಯದಂತೆ ಮೆಥಿಲೀನ್ ಬ್ಲೂ ಎಂಬ ನೀಲಿ ಔಷಧವನ್ನು ಸ್ವಲ್ಪ ಹಾಕಿ ಗಾಳಿ ಕೊಡಬಹುದು. ಮುಖ್ಯ ಟ್ಯಾಂಕಿಗೆ ಅದನ್ನು ಹಾಕಬೇಡಿ, ಫಿಲ್ಟರ್‌ನ ಬ್ಯಾಕ್ಟೀರಿಯಾ ಸಾಯುತ್ತವೆ. ಹೆಣ್ಣು ತಾನೇ ಕಾಯುತ್ತಿದ್ದರೆ ಅದಕ್ಕಿಂತ ಒಳ್ಳೆಯ ದಾದಿ ಇಲ್ಲ, ದೀಪ ಆರಿಸಿ, ಮನೆಯವರು ಗಾಜಿಗೆ ಮುಖವಿಟ್ಟು ನೋಡದಂತೆ ತಡೆದರೆ ಸಾಕು.

ಮಾರಾಟದ ವಿಷಯದಲ್ಲಿ ನಿಮ್ಮ ಲೆಕ್ಕ ತಲೆಕೆಳಗಾಗುವ ಸಂಭವವೇ ಹೆಚ್ಚು. ಒಂದು ಸಲಕ್ಕೆ ನೂರಾರು ಮರಿಗಳಾಗಬಹುದು. ಕೊಳ್ಳುವವರಿಗೆ ಬೇಕಾದದ್ದು ಉಬ್ಬು ಮೂಡಿದ ಗಂಡು. ಯಾವುದಕ್ಕೆ ಉಬ್ಬು ಬರುತ್ತದೆ ಎಂದು ತಿಳಿಯಲು ತಿಂಗಳುಗಳೇ ಬೇಕು, ಅಷ್ಟರಲ್ಲಿ ಅವು ಒಂದನ್ನೊಂದು ಕಚ್ಚತೊಡಗಿ ಬೇರೆ ಬೇರೆ ಟ್ಯಾಂಕ್ ಕೇಳುತ್ತವೆ. ವಿದ್ಯುತ್, ಆಹಾರ, ನೀರು ಬದಲಿಸುವ ಶ್ರಮ ಸೇರಿದರೆ ಖರ್ಚು ಹುಟ್ಟುವುದಿರಲಿ, ಉಳಿದ ಮರಿಗಳನ್ನು ಏನು ಮಾಡುವುದೆಂಬ ಚಿಂತೆ ಶುರುವಾಗುತ್ತದೆ. ಆಗ ಅವನ್ನು ಕೆರೆಗೋ ಕಾಲುವೆಗೋ ಬಿಡುವವರನ್ನು ಕಂಡಿದ್ದೇನೆ, ಇದಕ್ಕಿಂತ ದೊಡ್ಡ ಅನ್ಯಾಯ ನಮ್ಮ ನೀರಿಗೆ ಇನ್ನೊಂದಿಲ್ಲ. ಇಂಡೋನೇಷ್ಯಾದ ಸುಲವೇಸಿ ದ್ವೀಪದಲ್ಲಿ, ಬೇರೆಲ್ಲೂ ಇಲ್ಲದ ಮೀನುಗಳಿರುವ ಮಟಾನೊ ಸರೋವರಕ್ಕೆ ಯಾರೋ ಬಿಟ್ಟ ಫ್ಲವರ್‌ಹಾರ್ನ್‌ಗಳು ಅಲ್ಲೇ ನೆಲೆಯೂರಿ ಆ ಮೀನುಗಳಿಗೆ ಕಂಟಕವಾಗಿವೆ. 1952ರಲ್ಲಿ ನಮ್ಮ ದೇಶಕ್ಕೆ ತಂದ ತಿಲಾಪಿಯಾ ಕೂಡ ಸಿಕ್ಲಿಡ್ ಕುಟುಂಬದ್ದೇ. ಅದು ನಮ್ಮ ಕೆರೆಗಳನ್ನು ಹೇಗೆ ತುಂಬಿಕೊಂಡಿದೆ ಎಂಬುದನ್ನು ದಾವಣಗೆರೆಯ ಸುತ್ತಮುತ್ತಲೂ ನೀವು ನೋಡಬಹುದು.

ಆದ್ದರಿಂದ ಟೈಲ್ ಇಡುವ ಮೊದಲೇ ಎರಡು ಮೂರು ಅಂಗಡಿಗಳಲ್ಲಿ ವಿಚಾರಿಸಿ, ಒಂದೂವರೆ ಇಂಚಿನ ಮರಿಗಳನ್ನು ಎಷ್ಟು ತೆಗೆದುಕೊಳ್ಳುತ್ತಾರೆಂದು ಖಚಿತಪಡಿಸಿಕೊಳ್ಳಿ. ಅವರು ಐವತ್ತು ಎಂದು ಹೇಳಿದರೆ, ಮೊಟ್ಟೆ ಇಟ್ಟ ಮೊದಲ ದಿನವೇ ಟೈಲಿನ ಮೇಲೆ ನೂರರಷ್ಟು ಮೊಟ್ಟೆಗಳ ಒಂದು ತೇಪೆಯನ್ನು ಉಳಿಸಿಕೊಂಡು, ಮಿಕ್ಕವನ್ನು ಹಳೆಯ ಎಟಿಎಂ ಕಾರ್ಡಿನಂಥದ್ದೊಂದರ ಅಂಚಿನಿಂದ ಕೆರೆದು ತೆಗೆದುಬಿಡಿ.